ಪೋಸ್ಟ್‌ಬಯೋಟಿಕ್: ಹೊಟ್ಟೆ ಸರಿಯಾಗುವುದು ಡಬ್ಬಿಯಿಂದಲೋ, ಬಟ್ಟಲಿನಿಂದಲೋ?

ಮಲಬದ್ಧತೆಯ ಬಗ್ಗೆ ಯಾರೂ ಎದುರು ಕೂತು ಮಾತಾಡುವುದಿಲ್ಲ. ಮಂಜೇಶ್ವರವಿರಲಿ, ಉಪ್ಪಳವಿರಲಿ, ಉಳ್ಳಾಲವಿರಲಿ, ಮೆಡಿಕಲ್ ಶಾಪಿನ ಕೌಂಟರಿನಲ್ಲಿ ದನಿ ತಗ್ಗಿಸಿ "ಮೂರು ದಿನ ಆಯ್ತು, ಮೋಷನ್ ಆಗ್ಲಿಲ್ಲ, ಎಂತಾದ್ರೂ ಕೊಡಿ" ಅನ್ನುವಲ್ಲಿಗೆ ವಿಷಯ ಮುಗಿಯುತ್ತದೆ. ಮನೆಯಲ್ಲಿ ಉಮ್ಮನಿಗೆ ಎಷ್ಟು ವರ್ಷದಿಂದ ಈ ತೊಂದರೆ ಉಂಟು ಎಂದು ಎಷ್ಟೋ ಸಲ ಮಕ್ಕಳಿಗೂ ಗೊತ್ತಿರುವುದಿಲ್ಲ. ಹೀಗೆ ನಾಚಿಕೆಯಿಂದ ಮುಚ್ಚಿಟ್ಟ ಕಾಯಿಲೆಯ ಮನೆಬಾಗಿಲನ್ನು ಮಾರುಕಟ್ಟೆ ಬಹಳ ಬೇಗ ಹುಡುಕಿಕೊಳ್ಳುತ್ತದೆ. ಮೊದಲು ಚೂರ್ಣ ಬಂತು, ಆಮೇಲೆ ಪ್ರೊಬಯೋಟಿಕ್ ಬಂತು. ಈಗ ಮೊಬೈಲ್ ತೆರೆದರೆ ಕಾಣುವ ಹೊಸ ಹೆಸರು ಪೋಸ್ಟ್‌ಬಯೋಟಿಕ್.

"ಕರುಳು ಶುದ್ಧ, ಮನಸ್ಸು ಹಗುರ" ಎಂಬ ಧಾಟಿಯ ಜಾಹೀರಾತುಗಳ ಹಿಂದೆ ನಿಜವಾದ ವಿಜ್ಞಾನ ಉಂಟೋ ಇಲ್ಲವೋ? ಉಂಟು. ಆದರೆ ಆ ವಿಜ್ಞಾನ ನಿಂತಿರುವ ಜಾಗಕ್ಕೂ ಜಾಹೀರಾತು ಓಡಿಹೋಗಿರುವ ಜಾಗಕ್ಕೂ ಬಹಳ ಅಂತರ ಇದೆ. ದುಡಿದು ತಂದ ದುಡ್ಡನ್ನು ಡಬ್ಬಿಗೆ ಸುರಿಯುವ ಮೊದಲು ಈ ಅಂತರವನ್ನು ಅಳೆದು ನೋಡುವುದು ಒಳ್ಳೆಯದು.

ಹೆಸರಿನೊಳಗೆ ಎಂತ ಉಂಟು?

ಮೂರು ಹೆಸರುಗಳು ಒಂದಕ್ಕೊಂದು ಬೆರೆತು ಗೊಂದಲ ಹುಟ್ಟಿಸುತ್ತವೆ. ತೋಟದ ಲೆಕ್ಕದಲ್ಲಿ ಹೇಳಿದರೆ ಸುಲಭ. ಪ್ರಿಬಯೋಟಿಕ್ ಅಂದರೆ ಗೊಬ್ಬರ. ಕರುಳಿನಲ್ಲಿ ಈಗಾಗಲೇ ಇರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ನಾರಿನಂತಹ ಪದಾರ್ಥ. ಪ್ರೊಬಯೋಟಿಕ್ ಅಂದರೆ ಬೀಜ. ಹೊರಗಿನಿಂದ ಒಳಗೆ ಕಳಿಸುವ ಜೀವಂತ ಬ್ಯಾಕ್ಟೀರಿಯಾ. ಪೋಸ್ಟ್‌ಬಯೋಟಿಕ್ ಅಂದರೆ ಕೊಯ್ದು, ಒಣಗಿಸಿ, ಚೀಲಕ್ಕೆ ತುಂಬಿದ ಬೆಳೆ. ಅದರಲ್ಲಿ ಜೀವ ಇಲ್ಲ, ಇನ್ನು ಅದು ಮೊಳೆಯುವುದೂ ಇಲ್ಲ, ಆದರೆ ಸತ್ವ ಉಳಿದಿರುತ್ತದೆ.

ಈ ಹೆಸರಿಗೆ ಒಂದು ಖಚಿತ ಅರ್ಥ ಸಿಕ್ಕಿದ್ದು 2021ರಲ್ಲಿ. ಪ್ರೊಬಯೋಟಿಕ್ ಮತ್ತು ಪ್ರಿಬಯೋಟಿಕ್‌ಗಳ ಅಂತಾರಾಷ್ಟ್ರೀಯ ವೈಜ್ಞಾನಿಕ ಸಂಘದ ತಜ್ಞರು ಕೂತು ಚರ್ಚಿಸಿ ವ್ಯಾಖ್ಯೆಯೊಂದನ್ನು ಪ್ರಕಟಿಸಿದರು: ನಿರ್ಜೀವ ಸೂಕ್ಷ್ಮಜೀವಿಗಳು ಅಥವಾ ಅವುಗಳ ಭಾಗಗಳಿಂದ ತಯಾರಾಗಿ, ತೆಗೆದುಕೊಂಡವರ ಆರೋಗ್ಯಕ್ಕೆ ಪ್ರಯೋಜನ ಕೊಡುವ ತಯಾರಿಕೆಯೇ ಪೋಸ್ಟ್‌ಬಯೋಟಿಕ್. ಅದಕ್ಕೂ ಮೊದಲು ಒಬ್ಬೊಬ್ಬ ಸಂಶೋಧಕರು ಒಂದೊಂದು ಹೆಸರು ಬಳಸುತ್ತಿದ್ದರು.

ಈ ವ್ಯಾಖ್ಯೆಯಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಒಂದು, ಪ್ರಯೋಜನ ಇದೆ ಎಂದು ತೋರಿಸಿಕೊಡಬೇಕು. ಸತ್ತ ಬ್ಯಾಕ್ಟೀರಿಯಾ ಎಲ್ಲವೂ ಪೋಸ್ಟ್‌ಬಯೋಟಿಕ್ ಅಲ್ಲ. ಎರಡು, ಬ್ಯಾಕ್ಟೀರಿಯಾ ತಯಾರಿಸುವ ಒಂದು ರಾಸಾಯನಿಕವನ್ನು ಮಾತ್ರ ಶುದ್ಧ ರೂಪದಲ್ಲಿ ಬೇರ್ಪಡಿಸಿ ಮಾರಿದರೆ ಅದು ಪೋಸ್ಟ್‌ಬಯೋಟಿಕ್ ಆಗುವುದಿಲ್ಲ, ಅದನ್ನು ಅದರ ರಾಸಾಯನಿಕ ಹೆಸರಿನಿಂದಲೇ ಕರೆಯಬೇಕು. ಬರೀ ಬ್ಯುಟಿರೇಟ್ ತುಂಬಿದ ಕ್ಯಾಪ್ಸೂಲಿಗೆ ಪೋಸ್ಟ್‌ಬಯೋಟಿಕ್ ಎಂಬ ಪಟ್ಟಿ ಅಂಟಿಸಿದ್ದು ಕಂಡರೆ ಅಲ್ಲಿಗೇ ಒಂದು ಪ್ರಶ್ನೆ ಎದ್ದಿತು.

ವಿಷಯ ಪೂರ್ತಿ ಹೊಸತೂ ಅಲ್ಲ. ಶಾಖದಿಂದ ಕೊಂದ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಔಷಧಿಯೊಂದು ಫ್ರಾನ್ಸಿನಲ್ಲಿ 1907ರಷ್ಟು ಹಿಂದೆಯೇ ಶುರುವಾಗಿತ್ತು. ಆದರೆ ಅದು ಹೆಸರು ಮಾಡಿದ್ದು ಭೇದಿಗೆ, ಮಲಬದ್ಧತೆಗಲ್ಲ.

ಇನ್ನೊಂದು ಉದಾಹರಣೆ ಪ್ರತಿ ಬೆಳಿಗ್ಗೆ ತಟ್ಟೆಯಲ್ಲೇ ಇರುತ್ತದೆ. ಅಕ್ಕಿ-ಉದ್ದಿನ ಹಿಟ್ಟು ರಾತ್ರಿಯಿಡೀ ಹುಳಿ ಬಂದು ಉಬ್ಬುವುದು ಲ್ಯೂಕೊನೊಸ್ಟಾಕ್‌ನಂತಹ ಬ್ಯಾಕ್ಟೀರಿಯಾಗಳ ಕೆಲಸದಿಂದ. ಬೆಳಿಗ್ಗೆ ಇಡ್ಲಿ ಬೇಯಿಸಿದಾಗ, ದೋಸೆ ಹೊಯ್ದಾಗ ಅವೆಲ್ಲ ಸಾಯುತ್ತವೆ. ತಿನ್ನುವವರ ಹೊಟ್ಟೆಗೆ ಹೋಗುವುದು ಸತ್ತ ಬ್ಯಾಕ್ಟೀರಿಯಾ ಮತ್ತು ಅವು ಬಿಟ್ಟುಹೋದ ಆಮ್ಲಗಳು. ಹಾಗೆಂದು ಇಡ್ಲಿಯನ್ನು ಪೋಸ್ಟ್‌ಬಯೋಟಿಕ್ ಅನ್ನಲಾಗದು, ಯಾಕೆಂದರೆ ಯಾವ ತಳಿ, ಎಷ್ಟು ಪ್ರಮಾಣ, ಏನು ಪ್ರಯೋಜನ ಎಂದು ಅಳೆದು ತೋರಿಸಿದ್ದಲ್ಲ. ಇದೇ ಅಳತೆಗೋಲನ್ನು ಡಬ್ಬಿಗೂ ಹಿಡಿಯಬೇಕು.

ಕರುಳಿನೊಳಗೆ ನಡೆಯುವುದೇನು?

ದೊಡ್ಡ ಕರುಳಿನ ಮುಖ್ಯ ಕೆಲಸಗಳಲ್ಲಿ ಒಂದು ನೀರು ಹೀರುವುದು. ಆಹಾರದ ಉಳಿಕೆ ಅಲ್ಲಿ ನಿಧಾನವಾಗಿ ಸಾಗಿದಷ್ಟೂ ನೀರು ಹೆಚ್ಚು ಹೀರಲ್ಪಟ್ಟು ಮಲ ಗಟ್ಟಿಯಾಗುತ್ತದೆ. ವಾರಕ್ಕೆ 3 ಸಲಕ್ಕಿಂತ ಕಡಿಮೆ ಹೋಗುವುದು, ಆಗಾಗ ತಿಣುಕಬೇಕಾಗುವುದು, ಹೋದರೂ ಪೂರ್ತಿ ಆಗಲಿಲ್ಲ ಅನಿಸುವುದು — ಇಂತಹ ಲಕ್ಷಣಗಳು ತಿಂಗಳುಗಟ್ಟಲೆ ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ಮಲಬದ್ಧತೆ ಎಂದು ಪರಿಗಣಿಸುತ್ತಾರೆ.

ಇಲ್ಲಿ ಬ್ಯಾಕ್ಟೀರಿಯಾಗಳ ಪಾತ್ರ ದೊಡ್ಡದು. ಸಣ್ಣ ಕರುಳಿನಲ್ಲಿ ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಇಳಿದಾಗ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಈ ಆಮ್ಲಗಳು ಸಿರೊಟೋನಿನ್ ತಯಾರಿಸುವ ಕೋಶಗಳನ್ನೂ ಚುರುಕುಗೊಳಿಸುತ್ತವೆ. ದೇಹದ ಸಿರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಇರುವುದು ತಲೆಯಲ್ಲಿ ಅಲ್ಲ, ಹೊಟ್ಟೆಯಲ್ಲಿ. ಕರುಳು ಅಲೆಯಂತೆ ಹಿಂಡಿ ಮಲವನ್ನು ಮುಂದೆ ತಳ್ಳಲು ಅದು ಸೂಚನೆ ಕೊಡುತ್ತದೆ.

ಪೋಸ್ಟ್‌ಬಯೋಟಿಕ್‌ನ ಮೇಲಿನ ನಿರೀಕ್ಷೆಗೆ ಇದೇ ಆಧಾರ. ಸತ್ತ ಬ್ಯಾಕ್ಟೀರಿಯಾದ ಕೋಶಗೋಡೆಯ ತುಣುಕುಗಳನ್ನು ಕರುಳಿನ ರೋಗನಿರೋಧಕ ಕೋಶಗಳು ಗುರುತಿಸಬಲ್ಲವು. ಅವುಗಳ ಜೊತೆ ಉಳಿದ ಆಮ್ಲಗಳು ಕರುಳಿನ ವಾತಾವರಣವನ್ನು ಬದಲಿಸಬಹುದು. ಒಳಪದರದ ಲೋಳೆ ಸುಧಾರಿಸಬಹುದು. ಇವೆಲ್ಲ ಸೇರಿದರೆ ಮಲದ ಚಲನೆ ಸರಾಗವಾಗಬಹುದು. ಇಲ್ಲಿ ಎಲ್ಲವೂ "ಬಹುದು". ಜಾಹೀರಾತು ಮಾಡುವ ಮೊದಲ ಕೆಲಸ ಈ "ಬಹುದು" ತೆಗೆದು "ತ್ತದೆ" ಹಾಕುವುದು.

ಕರಾವಳಿಗೆ ಒಂದು ನಿಜವಾದ ಅನುಕೂಲ

ಪೋಸ್ಟ್‌ಬಯೋಟಿಕ್‌ನ ಒಂದು ಗುಣ ಮಾತ್ರ ಕಾಸರಗೋಡು-ಮಂಗಳೂರಿನಂತಹ ಊರಿಗೆ ಹೇಳಿಮಾಡಿಸಿದಂತಿದೆ. ಪ್ರೊಬಯೋಟಿಕ್ ಕೆಲಸ ಮಾಡಬೇಕಿದ್ದರೆ ಬ್ಯಾಕ್ಟೀರಿಯಾ ಜೀವಂತ ಇರಬೇಕು. ಕಾರ್ಖಾನೆಯಿಂದ ಲಾರಿ, ಲಾರಿಯಿಂದ ಅಂಗಡಿ, ಅಂಗಡಿಯಿಂದ ಮನೆ — ಬೇಸಿಗೆಯ 33-35 ಡಿಗ್ರಿ ಸೆಕೆಯಲ್ಲಿ, ಮಳೆಗಾಲದ ಕರೆಂಟ್ ಕಟ್‌ನಲ್ಲಿ, ತಂಪು ಬೇಡುವ ಪ್ರೊಬಯೋಟಿಕ್‌ನ ಎಷ್ಟು ಕೋಶಗಳು ಬದುಕಿ ಉಳಿದವು ಎಂದು ಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲ. ಬ್ಯಾಸಿಲಸ್ ಕ್ಲಾಸಿಯಂತಹ ಬೀಜಾಣು ರೂಪದವು ಶಾಖ ತಡೆಯುತ್ತವೆ, ಎಲ್ಲವೂ ಹಾಗಲ್ಲ.

ಮೊದಲೇ ಸತ್ತಿರುವುದಕ್ಕೆ ಈ ಚಿಂತೆ ಇಲ್ಲ. ಆ್ಯಂಟಿಬಯೋಟಿಕ್ ಜೊತೆ ತೆಗೆದುಕೊಂಡರೂ ಅದನ್ನು ಕೊಲ್ಲುವ ಪ್ರಶ್ನೆ ಇಲ್ಲ. ರೋಗನಿರೋಧಕ ಶಕ್ತಿ ಬಹಳ ಕುಗ್ಗಿದವರಲ್ಲಿ ಜೀವಂತ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಸೋಂಕು ತರುವ ಅಪರೂಪದ ಅಪಾಯವೂ ಇಲ್ಲಿ ತಪ್ಪುತ್ತದೆ. ಹಾಗಂತ ನಿರ್ಜೀವವಾದದ್ದೆಲ್ಲ ನಿರಪಾಯ ಎಂದು ಅರ್ಥವಲ್ಲ. ಪ್ರತಿಯೊಂದು ತಯಾರಿಕೆಯ ಸುರಕ್ಷತೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು ಎಂದು 2021ರ ತಜ್ಞರ ಹೇಳಿಕೆಯೂ ತಿಳಿಸುತ್ತದೆ.

ಪುರಾವೆ ಎಲ್ಲಿಯವರೆಗೆ ಬಂದಿದೆ?

ಹೆಚ್ಚು ಗಟ್ಟಿ ಪ್ರಯೋಗಗಳಲ್ಲೊಂದು ನಡೆದದ್ದು ಜರ್ಮನಿಯಲ್ಲಿ. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 443 ರೋಗಿಗಳಿಗೆ 8 ವಾರ ಶಾಖದಿಂದ ನಿಷ್ಕ್ರಿಯಗೊಳಿಸಿದ ಬೈಫಿಡೋಬ್ಯಾಕ್ಟೀರಿಯಂ ಬೈಫಿಡಮ್‌ನ ಒಂದು ತಳಿಯನ್ನು ಅಥವಾ ಖಾಲಿ ಮಾತ್ರೆಯನ್ನು ಕೊಟ್ಟರು. ನಿಗದಿಪಡಿಸಿದ ಮಟ್ಟದ ಉಪಶಮನ ಸಿಕ್ಕಿದ್ದು ಬ್ಯಾಕ್ಟೀರಿಯಾ ಪಡೆದವರಲ್ಲಿ ಶೇ. 34 ಮಂದಿಗೆ, ಖಾಲಿ ಮಾತ್ರೆ ನುಂಗಿದವರಲ್ಲಿ ಶೇ. 19 ಮಂದಿಗೆ. ಫಲಿತಾಂಶ ಚೆನ್ನಾಗಿದೆ. ಆದರೆ ಅದು ನಡೆದದ್ದು ಹೊಟ್ಟೆನೋವು, ಉಬ್ಬರ, ಭೇದಿ-ಮಲಬದ್ಧತೆ ಎಲ್ಲ ಸೇರಿರುವ ಐಬಿಎಸ್ ಎಂಬ ತೊಂದರೆಯ ಮೇಲೆ, ಬರೀ ಮಲಬದ್ಧತೆಯ ಮೇಲೆ ಅಲ್ಲ. ಜೊತೆಗೆ, ನಿಜವಾದ ಮಾತ್ರೆ ತೆಗೆದುಕೊಂಡ ಮೂವರಲ್ಲಿ ಇಬ್ಬರಿಗೆ ಆ ಮಟ್ಟದ ಉಪಶಮನ ಸಿಗಲಿಲ್ಲ ಎಂಬುದೂ ಅದೇ ಅಂಕಿಯೊಳಗಿನ ಸತ್ಯ.

ಮಲಬದ್ಧತೆಗೆ ಹತ್ತಿರವಾದ ಕೆಲಸ ಹೆಚ್ಚು ನಡೆದದ್ದು ಜಪಾನಿನಲ್ಲಿ. ಶಾಖದಿಂದ ನಿಷ್ಕ್ರಿಯಗೊಳಿಸಿದ ಲ್ಯಾಕ್ಟೋಬ್ಯಾಸಿಲಸ್ ಗ್ಯಾಸೆರಿ ಸಿಪಿ2305 ಎಂಬ ತಳಿ ಸೇರಿಸಿದ ಪಾನೀಯ ಕುಡಿದವರಲ್ಲಿ ಮಲವಿಸರ್ಜನೆ ಸುಧಾರಿಸಿತೆಂಬ ವರದಿಗಳಿವೆ. ಪಾಲ್ಗೊಂಡವರು ಹೆಚ್ಚಾಗಿ ಆರೋಗ್ಯವಂತರು, ಅವಧಿ ಕೆಲವೇ ವಾರ, ಅಧ್ಯಯನದಲ್ಲಿ ಉತ್ಪನ್ನ ತಯಾರಿಸುವ ಕಂಪನಿಯ ವಿಜ್ಞಾನಿಗಳೇ ಇದ್ದರು. ಇದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ. ಆದರೆ 20 ವರ್ಷದಿಂದ ಮಲಬದ್ಧತೆ ಇರುವ, ಸಕ್ಕರೆ ಕಾಯಿಲೆಯೂ ಇರುವ 65ರ ಅಜ್ಜಿಗೆ ಅದೇ ಫಲ ಸಿಗುತ್ತದೆಂದು ಹೇಳಲು ಅದು ಸಾಲದು.

ಎಲ್ಲಕ್ಕಿಂತ ಮುಖ್ಯ ಮಾತು: ಒಂದು ತಳಿಯ ಫಲಿತಾಂಶ ಇನ್ನೊಂದು ತಳಿಗೆ ಅನ್ವಯಿಸುವುದಿಲ್ಲ. ಜಪಾನಿನ ತಳಿಯ ಅಧ್ಯಯನ ತೋರಿಸಿ ಬೇರಾವುದೋ ತಳಿಯ ಡಬ್ಬಿ ಮಾರುವುದು, ಮಲ್ಲಿಗೆಯ ಪರಿಮಳ ಹೇಳಿ ಕಾಗದದ ಹೂ ಕೊಟ್ಟ ಹಾಗೆ.

ಲೇಬಲ್ ಓದುವ ಕಾನೂನು

ಭಾರತದಲ್ಲಿ ಇಂತಹ ಉತ್ಪನ್ನಗಳು ಬರುವುದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐಯ, ನ್ಯೂಟ್ರಾಸ್ಯುಟಿಕಲ್ ನಿಯಮಗಳ ಅಡಿಯಲ್ಲಿ. ಅಲ್ಲಿ ಪ್ರೊಬಯೋಟಿಕ್‌ಗೆ ಪ್ರತ್ಯೇಕ ಭಾಗ ಉಂಟು. ದಿನಕ್ಕೆ ಸೇವಿಸಬೇಕಾದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶ ಇರಬೇಕೆಂಬ ಲೆಕ್ಕವೂ ಉಂಟು. ಪೋಸ್ಟ್‌ಬಯೋಟಿಕ್‌ಗೆ 2016ರ ಆ ನಿಯಮಗಳಲ್ಲಿ ಇಂತಹ ಪ್ರತ್ಯೇಕ ಭಾಗ ಇರಲಿಲ್ಲ; ಆಗ ಆ ಹೆಸರಿಗೆ ಜಗತ್ತಿನಲ್ಲೇ ಒಪ್ಪಿತ ಅರ್ಥ ಇರಲಿಲ್ಲ. ಜೀವಂತ ಕೋಶ ಎಣಿಸುವ ಅಳತೆ ಸತ್ತ ಕೋಶಕ್ಕೆ ಹೊಂದುವುದೂ ಇಲ್ಲ.

ಹೆಸರೊಂದು ನಿಯಮಕ್ಕಿಂತ ಮುಂದೆ ಓಡಿದರೆ ಏನಾಗುತ್ತದೆ ಎಂದು ಒಆರ್‌ಎಸ್ ಪ್ರಕರಣ ತೋರಿಸಿಕೊಟ್ಟಿತು. ಸಕ್ಕರೆ ತುಂಬಿದ ಪಾನೀಯಗಳು ಒಆರ್‌ಎಸ್ ಹೆಸರಿನಲ್ಲಿ ಮೆಡಿಕಲ್ ಶಾಪಿನ ಕಪಾಟು ಸೇರಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಹೆಸರಿನ ದುರ್ಬಳಕೆಗೆ ತಡೆ ಹಾಕಿತು. ಅಷ್ಟರಲ್ಲಿ ಎಷ್ಟು ಮನೆಯವರು ಭೇದಿಯಾದ ಮಗುವಿಗೆ ಅದನ್ನೇ ಕುಡಿಸಿದ್ದರೋ!

ಹಾಗಾಗಿ ಕೊಳ್ಳುವವರೇ ನಾಲ್ಕು ವಿಷಯ ನೋಡಬೇಕು. ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಮತ್ತು ತಳಿಯ ಗುರುತು ಬರೆದಿದೆಯೇ? ಪ್ರಮಾಣ ಬರೆದಿದೆಯೇ? ಅದೇ ತಳಿಯನ್ನು ಅದೇ ಪ್ರಮಾಣದಲ್ಲಿ ಮಲಬದ್ಧತೆ ಇರುವ ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆಯೇ? ನಾಲ್ಕನೆಯದು, ಇಂತಹ ಪೂರಕಗಳ ಮೇಲೆ ಕಡ್ಡಾಯವಾಗಿ ಇರಬೇಕಾದ "ಔಷಧೀಯ ಬಳಕೆಗಲ್ಲ" ಎಂಬ ಅರ್ಥದ ಸಾಲು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯಲ್ಲ ಎಂದು ಬರೆದು, ವೀಡಿಯೊದಲ್ಲಿ ಕಾಯಿಲೆ ವಾಸಿಯಾಗುತ್ತದೆ ಎಂದರೆ ಅದು ದಾರಿತಪ್ಪಿಸುವ ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದಕ್ಕೆ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ಹಾಕಬಹುದು. ಜಾಹೀರಾತಿನಲ್ಲಿ ಮುಖ ತೋರಿಸಿ ಹೊಗಳಿದವರೂ ಇದರಿಂದ ಹೊರಗಿಲ್ಲ.

ಮುಸ್ಲಿಂ ಮನೆಗಳಿಗೆ ಐದನೆಯ ಪ್ರಶ್ನೆಯೂ ಉಂಟು: ಕ್ಯಾಪ್ಸೂಲಿನ ಕವಚ ಯಾವುದರದ್ದು? ಜೆಲಾಟಿನ್ ಪ್ರಾಣಿಜನ್ಯ. ಪ್ಯಾಕೆಟ್ಟಿನ ಮೇಲಿನ ಹಸಿರು ಗುರುತು ಸಸ್ಯಾಹಾರಿ ಎಂದು ಹೇಳುತ್ತದೆ. ಕಂದು ಗುರುತು ಪ್ರಾಣಿಜನ್ಯ ಎನ್ನುತ್ತದೆಯೇ ಹೊರತು ಯಾವ ಪ್ರಾಣಿ ಎಂದು ಹೇಳುವುದಿಲ್ಲ. ಸಸ್ಯಮೂಲದ ಕವಚ ಅಥವಾ ಪುಡಿ ರೂಪದ್ದನ್ನು ಕೇಳಿ ಪಡೆಯಬಹುದು.

ಬಟ್ಟಲಿನ ಲೆಕ್ಕ

ಇಷ್ಟೆಲ್ಲ ಓದಿದ ಮೇಲೆ ಒಂದು ಸರಳ ವಿಷಯ ಉಳಿಯುತ್ತದೆ. ಡಬ್ಬಿಯಲ್ಲಿ ಕೊಡಲು ಹೊರಟಿರುವ ಆಮ್ಲಗಳನ್ನು ಕರುಳು ತಾನೇ ತಯಾರಿಸಿಕೊಳ್ಳುತ್ತದೆ, ನಾರು ಸಿಕ್ಕಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ-ಹಣ್ಣು ಬೇಕೆಂದು ಹೇಳಿತು. ಮಧ್ಯಾಹ್ನ ನೈಚೋರ್, ಸಂಜೆ ಬಂಗುಡೆ ಫ್ರೈ ಜೊತೆ ಪರೋಟ, ರಾತ್ರಿ ಶವರ್ಮಾ ಎಂದಾದ ದಿನ ಆ ಲೆಕ್ಕದ ಹತ್ತಿರವೂ ಹೋಗಲಾಗದು. ಮೀನು-ಮಾಂಸದಲ್ಲಿ ನಾರು ಇಲ್ಲವೇ ಇಲ್ಲ, ಮೈದಾದಲ್ಲಿ ಇರುವುದೂ ಅಷ್ಟಕ್ಕಷ್ಟೇ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಕಡಲೆ, ಅಲಸಂಡೆ, ಹರಿವೆ, ಬಸಳೆ, ನುಗ್ಗೆ ಸೊಪ್ಪು, ಬಾಳೆದಿಂಡು, ಪೇರಳೆ, ಪಪ್ಪಾಯಿ — ಇವೆಲ್ಲ ಹಿತ್ತಿಲಲ್ಲೂ ಸಂತೆಯಲ್ಲೂ ಸಿಗುವಂಥವು. ಬಹುದಿನ ನಾರು ತಿನ್ನದವರು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಸ್ವಲ್ಪ ಸ್ವಲ್ಪವೇ, ನೀರಿನ ಜೊತೆ ಹೆಚ್ಚಿಸಬೇಕು.

ಈಗಾಗಲೇ ಗಟ್ಟಿಯಾಗಿ ಕಾಡುವ ಮಲಬದ್ಧತೆಗೆ ಆಹಾರ ಬದಲಾವಣೆ ಮಾತ್ರ ಸಾಲದೇ ಇರಬಹುದು. 2025ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಜ್ಞರ ನೇತೃತ್ವದಲ್ಲಿ, 75 ಪ್ರಯೋಗಗಳನ್ನು ಪರಿಶೀಲಿಸಿ ಬಂದ ಆಹಾರ ಮಾರ್ಗಸೂಚಿ, "ನಾರು ಹೆಚ್ಚು ತಿನ್ನಿ" ಎಂಬ ಸಾಮಾನ್ಯ ಸಲಹೆಯೊಂದೇ ಮಲಬದ್ಧತೆ ಗುಣಪಡಿಸುತ್ತದೆ ಎನ್ನಲು ಪುರಾವೆ ಸಾಲದು ಎಂದಿತು. ಅದು ಹೆಸರಿಸಿದ ವಸ್ತುಗಳಲ್ಲಿ ಕಿವಿ ಹಣ್ಣು, ರೈ ಬ್ರೆಡ್, ಖನಿಜಾಂಶ ಹೆಚ್ಚಿರುವ ನೀರು ಮತ್ತು ಇಸಬ್‌ಗೋಲ್ ಇವೆ. ಪ್ರೊಬಯೋಟಿಕ್‌ಗಳಲ್ಲಿ ಕೆಲವು ತಳಿಗಳಿಂದ ಕೆಲವರಿಗೆ ಅನುಕೂಲ ಆಗಬಹುದು ಎಂಬಷ್ಟಕ್ಕೇ ಅದು ನಿಂತಿತು. ಅಮೆರಿಕದ ಎರಡು ಜೀರ್ಣಾಂಗ ತಜ್ಞರ ಸಂಘಗಳು ಸೇರಿ 2023ರಲ್ಲಿ ಹೊರತಂದ ಮಾರ್ಗಸೂಚಿಯೂ ಇಸಬ್‌ಗೋಲ್ ಬಳಸಬಹುದೆಂದು, ಸಾಲದಿದ್ದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯಂತಹ ಔಷಧಿಗಳನ್ನು ಕೊಡಬೇಕೆಂದು ಹೇಳುತ್ತದೆ.

ಇಸಬ್‌ಗೋಲ್ ಬೆಳೆಯುವುದು ಗುಜರಾತ್-ರಾಜಸ್ಥಾನದಲ್ಲಿ, ಜಗತ್ತಿಗೆ ರಫ್ತಾಗುವುದು ಇಲ್ಲಿಂದ. ಲಂಡನ್ನಿನ ತಜ್ಞರು ಭಾರತದ ಹೊಟ್ಟನ್ನು ಶಿಫಾರಸು ಮಾಡುತ್ತಿರುವಾಗ ಇಲ್ಲಿಯವರು ವಿದೇಶಿ ಹೆಸರಿನ ಡಬ್ಬಿಗೆ ಮುಗಿಬೀಳುವುದು ವಿಚಿತ್ರವೇ. ಅದಕ್ಕೂ ನಿಯಮ ಉಂಟು: ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಬೇಕು. ನುಂಗಲು ಕಷ್ಟ ಇರುವವರು, ಕರುಳಿನಲ್ಲಿ ಅಡಚಣೆಯ ಸಂಶಯ ಇರುವವರು ತೆಗೆದುಕೊಳ್ಳಬಾರದು. ಬೇರೆ ಮಾತ್ರೆಗಳ ಜೊತೆಗೇ ತೆಗೆದುಕೊಳ್ಳಬಾರದು, ನಡುವೆ ಒಂದೆರಡು ಗಂಟೆ ಅಂತರ ಇರಲಿ.

ಉಪವಾಸದ ತಿಂಗಳಲ್ಲಿ ನೀರು ಕಡಿಮೆಯಾಗಿ, ಇಫ್ತಾರಿಗೆ ಕರಿದ ತಿಂಡಿ ಹೆಚ್ಚಾಗಿ ಈ ತೊಂದರೆ ಏರುವುದು ಹಲವರ ಅನುಭವ. ಖರ್ಜೂರ, ಗಂಜಿ, ಹಣ್ಣಿನಿಂದ ಶುರು ಮಾಡಿ, ಸಹರಿಯವರೆಗೆ ನೀರನ್ನು ಹಂಚಿ ಕುಡಿಯುವುದರಲ್ಲೇ ಅರ್ಧ ಪರಿಹಾರ ಇದೆ. ಅಂಗಡಿ, ಶಾಲೆ, ಕಚೇರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಕತೆ ಬೇರೆ. ಸರಿಯಾದ ಶೌಚಾಲಯ ಇಲ್ಲದ ಕಡೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಬಂದರೂ ತಡೆದುಕೊಳ್ಳುತ್ತಾರೆ. ಈ ಮಲಬದ್ಧತೆಗೆ ಬೇಕಾದ್ದು ಕ್ಯಾಪ್ಸೂಲ್ ಅಲ್ಲ, ಚಿಲಕ ಇರುವ ಒಂದು ಶುಚಿಯಾದ ಶೌಚಾಲಯ.

ಡಬ್ಬಿ ಮುಚ್ಚಿಡುವ ಅಪಾಯ

ಹಣ ಪೋಲಾಗುವುದು ಸಣ್ಣ ನಷ್ಟ. ದೊಡ್ಡ ನಷ್ಟ ಸಮಯದ್ದು. ಥೈರಾಯ್ಡ್ ಕಡಿಮೆಯಾದರೆ, ಸಕ್ಕರೆ ಕಾಯಿಲೆ ಹಳತಾದರೆ ಮಲಬದ್ಧತೆ ಬರುತ್ತದೆ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆ, ಖಿನ್ನತೆಯ ಮತ್ತು ಬಿಪಿಯ ಕೆಲವು ಮಾತ್ರೆಗಳಿಂದಲೂ ಬರುತ್ತದೆ. ಇನ್ನು ಕೆಲವರಲ್ಲಿ ಮಲ ಸರಿಯಾಗಿಯೇ ಇಳಿದು ಬಂದರೂ ಗುದದ ಸ್ನಾಯುಗಳು ಸಡಿಲವಾಗುವ ಬದಲು ಬಿಗಿಯಾಗುತ್ತವೆ. ಅವರಿಗೆ ಬೇಕಾದ್ದು ಸ್ನಾಯುಗಳಿಗೆ ಪಾಠ ಹೇಳುವ ಬಯೋಫೀಡ್‌ಬ್ಯಾಕ್ ತರಬೇತಿ. ಇಂತಹ ಕಾರಣಗಳನ್ನು ಯಾವ ಪೋಸ್ಟ್‌ಬಯೋಟಿಕ್ ಕೂಡ ಸರಿಪಡಿಸದು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಬದಲಾವಣೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು — ಇವುಗಳಲ್ಲಿ ಒಂದಿದ್ದರೂ ಡಬ್ಬಿ ಬದಿಗಿಟ್ಟು ಡಾಕ್ಟರ ಬಳಿ ಹೋಗಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸ್ ಕೂಡ ಹೋಗದಿದ್ದರೆ ಅದು ತುರ್ತು, ಮರುದಿನಕ್ಕೆ ಕಾಯಬಾರದು. "ಪೈಲ್ಸ್ ಇರಬೇಕು ಮಾರಾಯ" ಎಂದು ರಕ್ತವನ್ನು ತಿಂಗಳುಗಟ್ಟಲೆ ಕಡೆಗಣಿಸುವುದು, ಉಮ್ಮ ನಾಚಿಕೆಯಿಂದ ಹೇಳದೇ ಇರುವುದು, ಅದರ ನಡುವೆ ಹೊಸ ಹೊಸ ಪೂರಕಗಳನ್ನು ಒಂದಾದ ಮೇಲೊಂದು ಪರೀಕ್ಷಿಸುವುದು — ಚಿಕಿತ್ಸೆ ತಡವಾಗುವುದು ಹೀಗೆಯೇ.

ಪೋಸ್ಟ್‌ಬಯೋಟಿಕ್ ಮೋಸವಲ್ಲ. ಮುಂದಿನ ವರ್ಷಗಳಲ್ಲಿ ಒಂದೆರಡು ತಳಿಗಳು ಮಲಬದ್ಧತೆಗೆ ನಿಜವಾಗಿ ನೆರವಾಗುತ್ತವೆ ಎಂದು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾದರೆ, ಸೆಕೆಯ ಈ ಕರಾವಳಿಗೆ ಅದು ಒಳ್ಳೆಯ ಸುದ್ದಿಯೇ. ಅಲ್ಲಿಯವರೆಗೆ ಅದರ ಜಾಗ ಸಾಲಿನ ಕೊನೆಯಲ್ಲಿ: ಮೊದಲು ಬಟ್ಟಲು ಮತ್ತು ನೀರು, ಆಮೇಲೆ ಇಸಬ್‌ಗೋಲ್, ಆಮೇಲೆ ಡಾಕ್ಟರ್ ಬರೆದುಕೊಟ್ಟ ಔಷಧಿ. ಇಷ್ಟಾದ ಮೇಲೂ ಬೇಕೆನಿಸಿದರೆ, ತಳಿಯ ಹೆಸರು ಸ್ಪಷ್ಟ ಇರುವ ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ, ನಾಲ್ಕು ವಾರ ನೋಡಿ, ಫಲ ಇಲ್ಲದಿದ್ದರೆ ನಿಲ್ಲಿಸಬಹುದು.

ಅಪಾಯದ ಆ ಲಕ್ಷಣಗಳಿಗೆ ಮಾತ್ರ ಈ ಸಾಲು ಅನ್ವಯಿಸದು, ಅಲ್ಲಿ ಡಾಕ್ಟರೇ ಮೊದಲು. ಅದಕ್ಕೆ ಮನೆಯೊಳಗೆ ಮಾತು ಶುರುವಾಗಬೇಕು. ಇಂದು ರಾತ್ರಿ ಊಟಕ್ಕೆ ಕೂತಾಗ ಉಮ್ಮನ ಬಳಿ "ಹೊಟ್ಟೆ ಸರಿ ಉಂಟಾ?" ಎಂದು ಒಮ್ಮೆ ಕೇಳಿ ನೋಡಲಿ. ಅದಕ್ಕೆ ಖರ್ಚು ಏನೂ ಇಲ್ಲ.